ಕಥೆಯನ್ನು ಒಪ್ಪಿಸುವುದೇ, ಓದುವುದೇ? – ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಕಥೆಯ ವಿಶ್ಲೇಷಣೆ

ಶಾಲೆಗಳು ಪುನರಾರಂಭವಾಗುವ ಸಮಯದಲ್ಲಿ ನಮ್ಮ ಊರಿನ ಪುಸ್ತಕದಂಗಡಿಗಳಲ್ಲಿ ಪಠ್ಯಪುಸ್ತಕದ ಜೊತೆಜೊತೆಗೇ ಇನ್ನೊಂದು ಪುಸ್ತಕವೂ ಮಾರಾಟವಾಗುತ್ತದೆ. ಅದು ಗೈಡು. ಹತ್ತನೇ ತರಗತಿಯ ಮಗುವಿದ್ದ ಮನೆಯಲ್ಲಂತೂ ಅದು ಇಲ್ಲದಿರುವುದು ಅಪರೂಪ. ಇಂಗ್ಲಿಷ್ ಗೈಡನ್ನು ತೆರೆದರೆ ಪ್ರತಿಯೊಂದು ಕಥೆಯ ಸಾರಾಂಶ, ಪಾತ್ರಗಳ ಗುಣ, ಕಥೆಯ ನೀತಿ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಪಾಠ ಶುರುವಾಗುವ ಮೊದಲೇ ಪಾಠದ ಉತ್ತರ ಮನೆಗೆ ಬಂದಿರುತ್ತದೆ. ಈಚಿನ ವರ್ಷಗಳಲ್ಲಿ ಗೈಡಿನ ಅಗತ್ಯವೂ ಇಲ್ಲವಾಗಿದೆ. ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಪ್ರಶ್ನೆ ಹಾಕಿದರೆ ಅರೆ ನಿಮಿಷದಲ್ಲಿ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ.

ವ್ಯಾಕರಣಕ್ಕೆ, ಶಬ್ದಾರ್ಥಕ್ಕೆ ಇಂತಹ ಸಹಾಯ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಥೆಯ ವಿಷಯ ಬೇರೆ. ಕಥೆಯನ್ನು ಓದಿ ನಮಗೆ ಏನನ್ನಿಸಿತು ಎಂಬ ಪ್ರಶ್ನೆಗೆ ಇನ್ನೊಬ್ಬರು ಬರೆದಿಟ್ಟ ಉತ್ತರವನ್ನು ಬಾಯಿಪಾಠ ಮಾಡಿದರೆ ಕಥೆಯನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಎಷ್ಟೋ ಮಕ್ಕಳು ಪಠ್ಯದಲ್ಲಿರುವ ಕಥೆಗಳನ್ನು ಒಮ್ಮೆಯೂ ಪೂರ್ತಿಯಾಗಿ ಓದದೆ ಒಳ್ಳೆಯ ಅಂಕ ಪಡೆದು ಹೊರಗೆ ಬರುತ್ತಾರೆ. ಅವರಿಗೆ ಇಂಗ್ಲಿಷ್ ಬರಬಹುದು. ಓದಲು ಬರುತ್ತದೆಯೇ ಎಂಬುದು ಪ್ರಶ್ನೆ.

ನಮ್ಮ ಓದುಗರಲ್ಲಿ ಶಿಕ್ಷಕರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ, ಹೈಸ್ಕೂಲು ಮಕ್ಕಳ ಹೆತ್ತವರಂತೂ ಬಹಳ ಮಂದಿ ಇದ್ದಾರೆ. ಅವರೆಲ್ಲರಿಗೂ ಉಪಯೋಗವಾಗಲಿ ಎಂಬ ಉದ್ದೇಶದಿಂದ, ಇಂಗ್ಲಿಷ್ ತರಗತಿಯಲ್ಲಿ ಕಥೆಯ ವಿಶ್ಲೇಷಣೆಯನ್ನು ಕಲಿಸುವುದು ಎಂದರೇನು, ನಮ್ಮ ಸಾಧಾರಣ ಶಾಲೆಗಳಲ್ಲಿ ಅದು ಸಾಧ್ಯವೇ ಎಂಬುದನ್ನು ಇಲ್ಲಿ ನೋಡೋಣ.

ವಿಶ್ಲೇಷಣೆ ಎಂದರೇನು?

ವಿಶ್ಲೇಷಣೆ ಎಂಬ ಶಬ್ದ ದೊಡ್ಡದು. ಕೆಲಸ ಅಷ್ಟು ದೊಡ್ಡದಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತವರು 'ಮೀನಿನ ಸಾರು ಲಾಯ್ಕ ಆಗಿದೆ' ಎನ್ನುತ್ತಾರೆ. ಇದು ಅಭಿಪ್ರಾಯ. 'ಹುಳಿ ಸ್ವಲ್ಪ ಮುಂದಾಗಿದೆ, ಆದರೆ ಮಸಾಲೆ ನುಣ್ಣಗೆ ಅರೆದದ್ದರಿಂದ ಸಾರು ದಪ್ಪ ಬಂದಿದೆ' ಎಂದು ಅಜ್ಜಿ ಹೇಳಿದರೆ ಅದು ವಿಶ್ಲೇಷಣೆ. ರುಚಿ ಎಲ್ಲಿಂದ ಬಂತು ಎಂಬುದನ್ನು ಅವರು ತೋರಿಸಿಕೊಟ್ಟರು. ಕಥೆಯ ವಿಷಯದಲ್ಲಿಯೂ ಮಾಡಬೇಕಾದದ್ದು ಇಷ್ಟೇ. ಓದುವಾಗ ನಗು ಬಂತು, ಹೆದರಿಕೆಯಾಯಿತು, ಒಬ್ಬನ ಮೇಲೆ ಸಿಟ್ಟು ಬಂತು. ಅದು ಎಲ್ಲಿಂದ ಬಂತು? ಲೇಖಕ ಯಾವ ಮಾತಿನಿಂದ, ಯಾವ ಘಟನೆಯಿಂದ ಅದನ್ನು ತಂದ? ಇದನ್ನು ಕಥೆಯೊಳಗೇ ಬೆರಳಿಟ್ಟು ತೋರಿಸುವುದು ವಿಶ್ಲೇಷಣೆ.

ಸಾಮಾನ್ಯವಾಗಿ ತರಗತಿಯಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಮೊದಲನೆಯದು ಸಾರಾಂಶ, ಅಂದರೆ ಏನಾಯಿತು ಎಂಬುದು. ಎರಡನೆಯದು ನೀತಿ, ಅಂದರೆ ಇದರಿಂದ ನಾವೇನು ಕಲಿಯಬೇಕು ಎಂಬುದು. ಸಾರಾಂಶದಿಂದ ನೀತಿಗೆ ನೇರವಾಗಿ ಹಾರುವಾಗ ನಡುವೆ ಇರುವ ಕಥೆಯೇ ತಪ್ಪಿಹೋಗುತ್ತದೆ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ವ್ಯತ್ಯಾಸವನ್ನು ಚೆನ್ನಾಗಿ ವಿವರಿಸಿದ್ದಾರೆ. 'ಮುಂದೇನಾಯಿತು' ಎಂಬ ಕುತೂಹಲ ಕಥೆ ಕೇಳುವ ಎಲ್ಲರಲ್ಲಿಯೂ ಇರುತ್ತದೆ. 'ಹೀಗೇಕಾಯಿತು' ಎಂದು ಕೇಳಬೇಕಾದರೆ ಹಿಂದಿನದ್ದನ್ನು ನೆನಪಿಟ್ಟುಕೊಳ್ಳಬೇಕು, ಕಾರಣಗಳನ್ನು ಜೋಡಿಸಬೇಕು. ವಿಶ್ಲೇಷಣೆ ಈ 'ಏಕೆ'ಯಿಂದ ಶುರುವಾಗುತ್ತದೆ.

ಒಂದು ಕಥೆಯನ್ನು ಎತ್ತಿಕೊಳ್ಳೋಣ

ಉದಾಹರಣೆಗೆ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಕಥೆಯನ್ನು ತೆಗೆದುಕೊಳ್ಳೋಣ. ಕರ್ನಾಟಕದ ಹತ್ತನೇ ತರಗತಿಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದಿದ ಸಾವಿರಾರು ಮಕ್ಕಳಿಗೆ ಇದು ಪರಿಚಿತ ಪಾಠ. ಹಿರಿಯರಿಗೆ ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯ ನೆನಪಿರಬಹುದು. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಆ ಧಾರಾವಾಹಿಯ ಬಹುಪಾಲು ಚಿತ್ರೀಕರಣ ನಡೆದದ್ದು ಇಲ್ಲೇ ಘಟ್ಟದ ಮೇಲಿನ ಆಗುಂಬೆಯಲ್ಲಿ. ಸ್ವಾಮಿಯ ಪಾತ್ರ ಮಾಡಿದವರು ಮಾಸ್ಟರ್ ಮಂಜುನಾಥ್. ನಾರಾಯಣ್ ಬಗ್ಗೆ ಮಕ್ಕಳಿಗೆ ಧೈರ್ಯ ತುಂಬುವ ಒಂದು ಸಂಗತಿಯನ್ನೂ ಹೇಳಬಹುದು. ಮುಂದೆ ಇಂಗ್ಲಿಷಿನಲ್ಲಿಯೇ ಬರೆದು ಲೋಕಪ್ರಸಿದ್ಧರಾದ ಇವರು ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಫೇಲಾದದ್ದು ಇಂಗ್ಲಿಷಿನಲ್ಲೇ!

ಕಥೆ ಹೀಗಿದೆ. ಸ್ವಾಮಿಯ ತಂದೆ ಪತ್ರಿಕೆಯಲ್ಲಿ ಒಂದು ಸುದ್ದಿ ಓದುತ್ತಾರೆ. ಹಳ್ಳಿಯ ಹುಡುಗನೊಬ್ಬ ಕಾಡುದಾರಿಯಲ್ಲಿ ಹುಲಿಯನ್ನು ಎದುರಿಸಿ, ಮರ ಹತ್ತಿ, ಜನ ಬಂದು ಹುಲಿಯನ್ನು ಕೊಲ್ಲುವ ತನಕ ಅರ್ಧ ದಿನ ಮರದ ಮೇಲೆಯೇ ಇದ್ದನಂತೆ. ಸ್ವಾಮಿಗೆ ನಂಬಿಕೆ ಬರುವುದಿಲ್ಲ. ಅವನು ಹುಡುಗನಾಗಿರಲಿಕ್ಕಿಲ್ಲ, ಬಲವಾದ ದೊಡ್ಡವನೇ ಇರಬೇಕು ಎನ್ನುತ್ತಾನೆ. ಬಲಕ್ಕಿಂತ ಧೈರ್ಯ ಮುಖ್ಯ ಎಂಬುದು ತಂದೆಯ ವಾದ. ವಾದ ಮುಗಿಯುವಾಗ ಸ್ವಾಮಿಗೆ ಒಂದು ಪರೀಕ್ಷೆ ಎದುರಾಗುತ್ತದೆ: ಆ ರಾತ್ರಿ ಅಜ್ಜಿಯ ಪಕ್ಕ ಮಲಗುವುದನ್ನು ಬಿಟ್ಟು ತಂದೆಯ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಬೇಕು. ತಪ್ಪಿಸಿಕೊಳ್ಳುವ ಉಪಾಯಗಳೆಲ್ಲ ಸೋಲುತ್ತವೆ. ಕತ್ತಲಲ್ಲಿ ಬೆಂಚಿನ ಕೆಳಗೆ ಮುದುಡಿ ಮಲಗಿದ ಸ್ವಾಮಿಗೆ ಏನೋ ಹತ್ತಿರ ಬರುವ ಸದ್ದು ಕೇಳುತ್ತದೆ. ದೆವ್ವವೇ ತನ್ನನ್ನು ಒಯ್ಯಲು ಬಂತೆಂದು ಅದನ್ನು ಬಿಗಿಯಾಗಿ ಹಿಡಿದು ಕಚ್ಚುತ್ತಾನೆ. ಬಂದವನು ಕುಖ್ಯಾತ ಕಳ್ಳ! ಬೆಳಗಾಗುವಾಗ ಸ್ವಾಮಿ ಹೀರೋ. ಶಾಲೆಯಲ್ಲಿ ಹೊಗಳಿಕೆ, ಪೊಲೀಸರಿಂದ ಅಭಿನಂದನೆ. ಆ ರಾತ್ರಿ ತಂದೆ ಕ್ಲಬ್ಬಿನಿಂದ ಬಂದು ನೋಡಿದರೆ ಸ್ವಾಮಿ ಪುನಃ ಅಜ್ಜಿಯ ಪಕ್ಕದಲ್ಲೇ ಮಲಗಿದ್ದಾನೆ.

ಇದಕ್ಕೆ ಸಿದ್ಧ ಉತ್ತರ ಏನು? 'ಸ್ವಾಮಿ ಧೈರ್ಯಶಾಲಿ ಬಾಲಕ. ಧೈರ್ಯವೇ ಮುಖ್ಯ ಎಂಬುದು ಈ ಕಥೆಯ ನೀತಿ.' ಮಕ್ಕಳು ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಕಥೆಯನ್ನು ನಿಜವಾಗಿ ಓದಿದವರಿಗೆ ಗೊತ್ತು, ಇಲ್ಲಿ ಸ್ವಾಮಿ ಆರಂಭದಿಂದ ಅಂತ್ಯದವರೆಗೆ ಹೆದರಿಕೊಂಡೇ ಇದ್ದಾನೆ. ಸಿದ್ಧ ಉತ್ತರ ಹೇಳುವುದು ಕಥೆಯಲ್ಲಿರುವ ಊರವರು ಹೇಳಿದ್ದನ್ನೇ. ನಾರಾಯಣ್ ನಗುತ್ತಿರುವುದು ಅದೇ ಊರವರನ್ನು ನೋಡಿ!

ತರಗತಿಯಲ್ಲಿ ಹೇಗೆ?

ಮೊದಲನೆಯದಾಗಿ, ಕಥೆಯನ್ನು ಒಮ್ಮೆ ಕಥೆಯಾಗಿಯೇ ಕೇಳಿಸಬೇಕು. ಪ್ರತಿ ಸಾಲಿಗೂ ನಿಲ್ಲಿಸಿ ಶಬ್ದಾರ್ಥ ಬರೆಸುತ್ತಾ ಹೋದರೆ ಎರಡು ಪುಟದ ಕಥೆ ಎರಡು ವಾರ ಎಳೆಯುತ್ತದೆ, ಕೊನೆ ಮುಟ್ಟುವಾಗ ಆರಂಭ ಮರೆತಿರುತ್ತದೆ. ಮೊದಲ ದಿನ ಶಿಕ್ಷಕರು ಸ್ಪಷ್ಟವಾಗಿ, ಭಾವ ತುಂಬಿ, ತಡೆಯಿಲ್ಲದೆ ಗಟ್ಟಿಯಾಗಿ ಓದಲಿ. ತೀರಾ ಅಗತ್ಯವಾದ ನಾಲ್ಕೈದು ಶಬ್ದಗಳ ಅರ್ಥವನ್ನು ಮೊದಲೇ ಬೋರ್ಡಿನಲ್ಲಿ ಬರೆದಿಟ್ಟರೆ ಸಾಕು. ಓದಿದ ಬಳಿಕ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ನಗು ಬಂತು, ಎಲ್ಲಿ ಹೆದರಿಕೆಯಾಯಿತು? ಈ ಪ್ರಶ್ನೆಗೆ ತಪ್ಪು ಉತ್ತರವಿಲ್ಲ. ಹಿಂದಿನ ಬೆಂಚಿನ ಮಗುವೂ ಬಾಯಿ ತೆರೆಯುತ್ತದೆ.

ಎರಡನೆಯದಾಗಿ, ಮಕ್ಕಳು ಏನು ಹೇಳಿದರೂ 'ಎಲ್ಲಿದೆ, ತೋರಿಸು' ಎಂದು ಕೇಳಬೇಕು. ಇದು ಇಡೀ ವಿಧಾನದ ಬೆನ್ನೆಲುಬು. ತರಗತಿಯಲ್ಲಿ ಇಂತಹ ಒಂದು ಮಾತುಕತೆ ನಡೆಯುತ್ತದೆ ಎಂದು ಊಹಿಸಿಕೊಳ್ಳೋಣ.

'ಸ್ವಾಮಿ ಧೈರ್ಯಶಾಲಿ, ಟೀಚರ್.'

'ಎಲ್ಲಿದೆ? ಪುಸ್ತಕದಲ್ಲಿ ತೋರಿಸು.'

'ಕಳ್ಳನನ್ನು ಹಿಡಿದು ಕಚ್ಚಿದ ಅಲ್ವಾ ಟೀಚರ್.'

'ಕಚ್ಚುವಾಗ ಅದು ಕಳ್ಳ ಎಂದು ಅವನಿಗೆ ಗೊತ್ತಿತ್ತಾ?'

'ಇಲ್ಲ ಟೀಚರ್. ದೆವ್ವ ಅಂತ ಎಣಿಸಿದ.'

'ಹಾಗಾದರೆ ಅದು ಧೈರ್ಯವಾ?'

'ಹೆದರಿಕೆಯಲ್ಲಿ ಕಚ್ಚಿದ್ದು ಟೀಚರ್.'

ಅಷ್ಟರಲ್ಲಿ ಇನ್ನೊಂದು ಮಗು ಎದ್ದು ನಿಲ್ಲುತ್ತದೆ: 'ಹೆದರಿಕೆಯಾದವ ಓಡಬೇಕಿತ್ತು ಟೀಚರ್. ಇವ ಓಡಲಿಲ್ಲ. ದೆವ್ವವನ್ನೇ ಹಿಡಿದ. ಅದೂ ಧೈರ್ಯವೇ.'

ಇಲ್ಲಿಗೆ ವಿಶ್ಲೇಷಣೆ ಶುರುವಾಯಿತು. ಇಬ್ಬರು ಮಕ್ಕಳ ಉತ್ತರಗಳು ಬೇರೆ ಬೇರೆ. ಇಬ್ಬರೂ ಕಥೆಯ ಒಂದೇ ಜಾಗಕ್ಕೆ ಬೆರಳಿಟ್ಟಿದ್ದಾರೆ. ಧೈರ್ಯ ಎಂದರೆ ಹೆದರಿಕೆ ಇಲ್ಲದಿರುವುದೋ, ಹೆದರಿಕೆಯ ನಡುವೆಯೂ ಏನಾದರೂ ಮಾಡುವುದೋ ಎಂಬ ನಿಜವಾದ ಪ್ರಶ್ನೆ ಎದ್ದಿದೆ. ಇದು ಯಾವ ಗೈಡಿನಲ್ಲಿಯೂ ಇದ್ದ ಪ್ರಶ್ನೆಯಲ್ಲ.

ಮೂರನೆಯದಾಗಿ, ಸಣ್ಣ ವಿವರಗಳ ಮೇಲೆ ಮಕ್ಕಳ ಕಣ್ಣು ನಿಲ್ಲಿಸಬೇಕು. ಸ್ವಾಮಿ ಬೇಗನೆ ಹೋಗಿ ಅಜ್ಜಿಯ ಹತ್ತಿರ ಹಾಸಿಗೆ ಹಾಸುತ್ತಾನೆ. ದಿನಾ ಕಥೆ ಕೇಳುವ ಹುಡುಗ ಇವತ್ತೇಕೆ ಕೇಳುತ್ತಿಲ್ಲ ಎಂದು ಅಜ್ಜಿ ಮಾತಾಡಲು ಹೊರಟರೆ, ಸುಮ್ಮನಿರುವಂತೆ ಕೈಸನ್ನೆ ಮಾಡುತ್ತಾನೆ. ಈ ಒಂದು ಕೈಸನ್ನೆಯಿಂದ ಸ್ವಾಮಿಯ ಬಗ್ಗೆ ನಮಗೇನು ತಿಳಿಯುತ್ತದೆ? ಆಫೀಸು ಕೋಣೆಯಲ್ಲಿ ಕಾನೂನು ಪುಸ್ತಕಗಳ ಹಿಂದೆ ಚೇಳುಗಳಿವೆ ಎಂದು ದೂರುತ್ತಾನೆ. ಅವನಿಗೆ ನಿಜವಾದ ಹೆದರಿಕೆ ಚೇಳಿನದ್ದೇ? ಪೊಲೀಸ್ ಅಧಿಕಾರಿ ಪೊಲೀಸ್ ಇಲಾಖೆಗೆ ಸೇರುತ್ತೀಯಾ ಎಂದು ಕೇಳಿದಾಗ ಮರ್ಯಾದೆಗೆ ಹೌದು ಎನ್ನುತ್ತಾನೆ. ಮನಸ್ಸಿನಲ್ಲಿರುವುದು ಎಂಜಿನ್ ಡ್ರೈವರ್, ರೈಲ್ವೆ ಗಾರ್ಡ್ ಅಥವಾ ಬಸ್ ಕಂಡಕ್ಟರ್ ಆಗುವ ಆಸೆ. ಊರೆಲ್ಲ ಹೀರೋ ಎನ್ನುತ್ತಿರುವಾಗ ಸ್ವಾಮಿ ತನ್ನನ್ನು ತಾನು ಹೀರೋ ಎಂದು ತಿಳಿದುಕೊಂಡಿದ್ದಾನೆಯೇ? ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮಗು ಸಾಲು ಸಾಲನ್ನೂ ಓದುತ್ತದೆ. ಶಬ್ದಾರ್ಥವನ್ನೂ ತಾನಾಗಿ ಕೇಳುತ್ತದೆ.

ನಾಲ್ಕನೆಯದಾಗಿ, ಕಥೆಯನ್ನು ಯಾರ ಪಕ್ಕದಲ್ಲಿ ನಿಂತು ಹೇಳಲಾಗಿದೆ ಎಂದು ಕೇಳಬೇಕು. ಕತ್ತಲಲ್ಲಿ ನಮಗೆ ಕೇಳುವುದು ಸ್ವಾಮಿಗೆ ಕೇಳಿದ ಸದ್ದು ಮಾತ್ರ. ಬಂದವನು ಕಳ್ಳ ಎಂದು ಲೇಖಕನಿಗೆ ಗೊತ್ತು, ಆದರೆ ಮೊದಲೇ ಹೇಳುವುದಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಅದೇ ರಾತ್ರಿಯ ಘಟನೆಯನ್ನು ಕಳ್ಳನ ಬಾಯಿಯಿಂದ, ಪೊಲೀಸ್ ಠಾಣೆಯಲ್ಲಿ ಹೇಳಿಸಿದಂತೆ ಎಂಟು ಹತ್ತು ಸಾಲು ಬರೆಯಲು ಕೊಡಬಹುದು. ಮಕ್ಕಳಿಗೆ ಇದು ಆಟ. ಆದರೆ ಬರೆಯುತ್ತಿರುವಂತೆಯೇ ಅವರಿಗೆ ಅರಿವಾಗುತ್ತದೆ, ಹೇಳುವವನು ಬದಲಾದರೆ ಅದೇ ಘಟನೆ ಬೇರೆ ಕಥೆಯಾಗುತ್ತದೆ ಎಂದು.

ಐದನೆಯದಾಗಿ, ಪಾರಿಭಾಷಿಕ ಶಬ್ದಗಳು ಕೊನೆಗೆ ಬರಲಿ. ಪಾತ್ರ, ಸಂಘರ್ಷ, ನಿರೂಪಕ, ದೃಷ್ಟಿಕೋನ, ವ್ಯಂಗ್ಯ ಇತ್ಯಾದಿಗಳನ್ನು ಮೊದಲ ದಿನವೇ ವ್ಯಾಖ್ಯೆ ಸಮೇತ ಬರೆಸಿದರೆ ಅವು ಇನ್ನೊಂದು ಬಾಯಿಪಾಠವಾಗುತ್ತವೆ. ಹೆದರುಪುಕ್ಕನೊಬ್ಬ ಹೆದರಿಕೆಯಿಂದಲೇ ಹೀರೋ ಆದ ಎಂದು ನಕ್ಕ ಮಕ್ಕಳಿಗೆ 'ಇದಕ್ಕೆ ಇಂಗ್ಲಿಷಿನಲ್ಲಿ ಐರನಿ ಎನ್ನುತ್ತಾರೆ' ಎಂದು ಹೇಳಿದರೆ ಆ ಶಬ್ದ ಜೀವಮಾನವಿಡೀ ಮರೆತುಹೋಗದು.

ಮಕ್ಕಳು ಎಷ್ಟು ದೂರ ಹೋಗಬಲ್ಲರು?

ಇಷ್ಟಾದ ಮೇಲೆ ಒಂದು ಕಠಿಣ ಪ್ರಶ್ನೆಯನ್ನು ಇಡಬಹುದು. ಕಥೆಯ ಆರಂಭದಲ್ಲಿ ಬರುವ ಪತ್ರಿಕೆಯ ಸುದ್ದಿಗೂ ಕಥೆಯ ಕೊನೆಗೂ ಏನಾದರೂ ಸಂಬಂಧ ಇದೆಯೇ?

ಸ್ವಲ್ಪ ಸಮಯ ಕೊಟ್ಟರೆ ಮಕ್ಕಳೇ ಕಂಡುಹಿಡಿಯುತ್ತಾರೆ. ಹುಲಿಯನ್ನು ಎದುರಿಸಿದ ಹುಡುಗ ಅರ್ಧ ದಿನ ಇದ್ದದ್ದು ಮರದ ಮೇಲೆ. ಹುಲಿಯನ್ನು ಕೊಂದದ್ದು ಬೇರೆಯವರು. ಆದರೂ ಸುದ್ದಿಯಲ್ಲಿ ಅವನು ಧೀರ. ತಂದೆ ಆ ಸುದ್ದಿಯನ್ನು ನಂಬಿದರು, ಸ್ವಾಮಿ ಸಂಶಯಪಟ್ಟ. ಮರುದಿನ ಸ್ವಾಮಿಯೇ ಅಂತಹ ಒಂದು ಸುದ್ದಿಯಾಗುತ್ತಾನೆ. ಬೆಂಚಿನ ಕೆಳಗೆ ನಡುಗುತ್ತಿದ್ದ ಹುಡುಗನ ನಿಜಸ್ಥಿತಿ ಊರವರಿಗೆ ಗೊತ್ತಿಲ್ಲ, ಓದುಗರಾದ ನಮಗೆ ಗೊತ್ತು. ಹಾಗಾದರೆ ಮರ ಹತ್ತಿದ ಆ ಹುಡುಗನ ಕಥೆಯೂ ಹೀಗೆಯೇ ಇದ್ದಿರಬಹುದೇ? ಸ್ವಾಮಿಯ ಸಂಶಯ ಸರಿಯಾಗಿತ್ತೇ?

ಇಷ್ಟು ದೂರ ಬಂದ ಮಗು ಹೀರೋಗಳನ್ನು ಜನರ ಮಾತು ಹೇಗೆ ತಯಾರಿಸುತ್ತದೆ ಎಂಬ ವಿಷಯದ ಹತ್ತಿರ ಬಂದು ನಿಂತಿದೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಫಾರ್ವರ್ಡ್ ಸಂದೇಶಗಳು ಬರುವ ಈ ಕಾಲದಲ್ಲಿ, 'ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಹೇಗೆ ಗೊತ್ತು' ಎಂದು ಕೇಳುವ ಅಭ್ಯಾಸ ಹದಿನೈದು ವರ್ಷದ ಮಕ್ಕಳಿಗೆ ಎಷ್ಟು ಅಗತ್ಯ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಥೆಯ ವಿಶ್ಲೇಷಣೆ ಈ ಅಭ್ಯಾಸದ ಶಾಲೆ. ಇಲ್ಲಿ ತಪ್ಪಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ತಿದ್ದಿಕೊಳ್ಳಲು ಅವಕಾಶ ಇರುತ್ತದೆ.

ಮನೆಮಾತಿನ ಬಲ

'ಇದೆಲ್ಲ ನಗರದ ದೊಡ್ಡ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಸರಿ. ನಮ್ಮ ಮಕ್ಕಳಿಗೆ ಒಂದು ವಾಕ್ಯ ಇಂಗ್ಲಿಷ್ ಮಾತಾಡಲು ಬರುವುದಿಲ್ಲ' ಎಂಬ ಮಾತು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಂದ ಕೇಳಿಬರುತ್ತದೆ. ಈ ಕಷ್ಟ ನಿಜವಾದದ್ದು. ಕರಾವಳಿಯ ಮಗು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುತ್ತದೆ, ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಇಂಗ್ಲಿಷ್ ಅದಕ್ಕೆ ಮೂರನೆಯ ಭಾಷೆ.

ಆದರೆ ಇಂಗ್ಲಿಷ್ ಮಾತಾಡಲು ಬಾರದು ಎಂದರೆ ಯೋಚಿಸಲು ಬಾರದು ಎಂದಲ್ಲ. ಸ್ವಾಮಿ ಹೀರೋ ಹೌದೇ ಅಲ್ಲವೇ ಎಂಬ ಚರ್ಚೆ ಮೊದಲು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಗುಂಪಿನೊಳಗೆ ನಡೆಯಲಿ. ಕನ್ನಡದಲ್ಲಿ ತರಗತಿಗೆ ಹೇಳಲಿ. ಕೊನೆಗೆ ಮೂರು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲಿ. ಹೇಳಲು ವಿಷಯ ಇದ್ದವನಿಗೆ ಭಾಷೆಯ ಅಗತ್ಯ ತಾನಾಗಿ ಬೀಳುತ್ತದೆ. ಹೇಳಲು ಏನೂ ಇಲ್ಲದವನಿಗೆ ಎಷ್ಟು ವ್ಯಾಕರಣ ಕಲಿಸಿದರೂ ಬಾಯಿ ತೆರೆಯುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಕಲಿಕೆ ಬಾಯಿಪಾಠದಿಂದ ದೂರ ಸರಿಯಬೇಕು, ತರಗತಿಯ ಬಹುಭಾಷೆಯನ್ನು ಸಂಪನ್ಮೂಲವಾಗಿ ಬಳಸಿಕೊಳ್ಳಬೇಕು ಎಂದು ಒತ್ತಿ ಹೇಳಿದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಪಾತ್ರವಿಶ್ಲೇಷಣೆ ನಮ್ಮ ಊರಿಗೆ ಹೊಸತೇನಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲಿಂದಲೇ ತನ್ನ ಪಾತ್ರದ ಪರವಾಗಿ ವಾದ ಮಾಡುತ್ತಾನೆ. 'ವಾಲಿ ಮೋಕ್ಷ' ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ರಾಮನನ್ನು ಕೇಳುತ್ತಾನೆ, ರಾಮ ಸಮರ್ಥನೆ ಕೊಡಬೇಕಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ಮಾತು ಕೇಳಲು ಜನ ರಾತ್ರಿಯಿಡೀ ಕುಳಿತುಕೊಳ್ಳುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕಾಯುತ್ತಿದ್ದದ್ದು ಆ ಪಾತ್ರವನ್ನು ಇವರು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂದು ತಿಳಿಯಲು. ಅಜ್ಜನ ಜೊತೆ ಒಂದು ತಾಳಮದ್ದಳೆ ಕೇಳಿದ ಹುಡುಗನಿಗೆ 'ನೀನು ಸ್ವಾಮಿಯ ತಂದೆ, ನಿನ್ನ ಪರವಾಗಿ ಅರ್ಥ ಹೇಳು' ಎಂದರೆ ಸಾಕು. ಮಗನನ್ನು ಕತ್ತಲೆ ಕೋಣೆಗೆ ಕಳುಹಿಸಿದ್ದು ಪ್ರೀತಿಯೋ ಹಠವೋ ಎಂಬ ವಾದ ತರಗತಿಯಲ್ಲಿ ತಾನಾಗಿ ಏಳುತ್ತದೆ. ಕನ್ನಡದ ಆರಂಭದ ಸಣ್ಣಕಥೆಗಾರರಲ್ಲಿ ಒಬ್ಬರಾದ, ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರೂ (1874–1937) ಶಾಲಾ ಶಿಕ್ಷಕರಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬಹುದು. ಕಥೆ ಮತ್ತು ತರಗತಿಯ ನಂಟು ನಮ್ಮ ನೆಲದಲ್ಲಿ ಹಳೆಯದು.

ಹಾಗಾದರೆ ಏನು ಹೇಳಿದರೂ ಸರಿಯೇ?

ಖಂಡಿತ ಅಲ್ಲ. 'ನನಗೆ ಹಾಗನ್ನಿಸಿತು' ಎಂಬುದು ಆರಂಭ ಮಾತ್ರ. ಅಮೆರಿಕದ ಶಿಕ್ಷಣ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲಿಯೇ ಈ ವಿಷಯವನ್ನು ವಿವರವಾಗಿ ಚರ್ಚಿಸಿದ್ದಾರೆ. ಓದುಗ ತನ್ನ ಅನುಭವವನ್ನು ಕಥೆಗೆ ತರುತ್ತಾನೆ, ಆದ್ದರಿಂದ ಇಬ್ಬರ ಓದು ಒಂದೇ ಆಗಿರುವುದಿಲ್ಲ. ಆದರೆ ಕಥೆಯಲ್ಲಿರುವ ಮಾತುಗಳಿಗೆ ವಿರುದ್ಧವಾದ ಓದು ನಿಲ್ಲುವುದಿಲ್ಲ. ಸ್ವಾಮಿ ಕಳ್ಳನನ್ನು ಹಿಡಿಯಲೆಂದೇ ಬೆಂಚಿನ ಕೆಳಗೆ ಕಾದು ಕುಳಿತಿದ್ದ ಎಂದು ಯಾರಾದರೂ ಬರೆದರೆ ಅದು ತಪ್ಪು, ಏಕೆಂದರೆ ಕಥೆಯಲ್ಲಿ ಅದಕ್ಕೆ ಆಧಾರವಿಲ್ಲ. ತಂದೆ ಕ್ರೂರಿ ಎಂದೋ ಒಳ್ಳೆಯವರು ಎಂದೋ ಬರೆದರೆ ಎರಡಕ್ಕೂ ಆಧಾರ ಹುಡುಕಬಹುದು. ಅಂಕ ಕೊಡಬೇಕಾದದ್ದು ಆ ಆಧಾರಕ್ಕೆ.

ಸಿದ್ಧ ಅಭಿಪ್ರಾಯಗಳ ಅಪಾಯ ನಮ್ಮ ಮಕ್ಕಳಿಗೆ ಮಾತ್ರ ಸೀಮಿತವಲ್ಲ. ಐ.ಎ. ರಿಚರ್ಡ್ಸ್ ಎಂಬ ಪ್ರಾಧ್ಯಾಪಕರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕವಿಯ ಹೆಸರಿಲ್ಲದ ಕವನಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅಭಿಪ್ರಾಯ ಬರೆಸಿದರು. ಅದರ ಫಲಿತಾಂಶವನ್ನು 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂಗ್ಲಿಷ್ ಮಾತೃಭಾಷೆಯಾಗಿದ್ದ ಆ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಕವನದ ನೇರ ಅರ್ಥವೇ ತಿಳಿದಿರಲಿಲ್ಲ. ಮನಸ್ಸಿನಲ್ಲಿ ಮೊದಲೇ ಇದ್ದ ಸಿದ್ಧ ಭಾವನೆಗಳನ್ನು ಕವನದ ಮೇಲೆ ಹೇರಿದ್ದರು. ಪುಟದಲ್ಲಿ ಏನಿದೆ ಎಂದು ನೋಡುವುದನ್ನು ಎಲ್ಲ ಕಡೆಯೂ ಕಲಿಸಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬರೆಯುವುದಕ್ಕೆ ಮೂರು ಮೆಟ್ಟಿಲು

ಮಾತಾಡಿದ್ದನ್ನು ಬರವಣಿಗೆಗೆ ಇಳಿಸಲು ಒಂದು ಸುಲಭ ಕ್ರಮವಿದೆ. ಮೊದಲ ವಾಕ್ಯದಲ್ಲಿ ನನ್ನ ಅಭಿಪ್ರಾಯ, ಎರಡನೆಯದರಲ್ಲಿ ಕಥೆಯಿಂದ ಆಧಾರ, ಮೂರನೆಯದರಲ್ಲಿ ಆ ಆಧಾರ ನನ್ನ ಅಭಿಪ್ರಾಯವನ್ನು ಹೇಗೆ ತೋರಿಸುತ್ತದೆ ಎಂಬ ವಿವರಣೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಹೀರೋ ಆದ ಮೇಲೂ ಸ್ವಾಮಿ ಬದಲಾಗಲಿಲ್ಲ. ಕಳ್ಳ ಸಿಕ್ಕಿಬಿದ್ದ ಮರುರಾತ್ರಿಯೂ ಅವನು ಅಜ್ಜಿಯ ಪಕ್ಕದಲ್ಲೇ ಮಲಗಿದ್ದಾನೆ, ತಂದೆ ತನ್ನನ್ನು ಇನ್ನು ಒತ್ತಾಯಿಸುವುದಿಲ್ಲ ಎಂದು ಹೊದಿಕೆಯೊಳಗಿಂದ ಕೇಳಿ ಅವನಿಗೆ ಸಮಾಧಾನವಾಗುತ್ತದೆ. ಹೊಗಳಿಕೆಗಿಂತ ಆ ಹಳೆಯ ಜಾಗವೇ ಅವನಿಗೆ ಬೇಕಾಗಿತ್ತು ಎಂದು ಇದರಿಂದ ತಿಳಿಯುತ್ತದೆ.'

ಇದನ್ನು ಸರಳ ಇಂಗ್ಲಿಷಿನಲ್ಲಿ ಬರೆಯಲು ಹತ್ತನೇ ತರಗತಿಯ ಸಾಧಾರಣ ವಿದ್ಯಾರ್ಥಿಗೂ ಸಾಧ್ಯ. ಮೂರನೆಯ ವಾಕ್ಯವೇ ಎಲ್ಲಕ್ಕಿಂತ ಕಷ್ಟ. ಹೆಚ್ಚಿನ ಮಕ್ಕಳು ಅಭಿಪ್ರಾಯ ಮತ್ತು ಆಧಾರ ಬರೆದು ನಿಲ್ಲಿಸುತ್ತಾರೆ. ಶಿಕ್ಷಕರು ಕೆಂಪು ಶಾಯಿಯಲ್ಲಿ ಬರೆಯಬೇಕಾದ ಪ್ರಶ್ನೆ ಒಂದೇ: 'ಹಾಗಾದರೆ ಇದರಿಂದ ಏನು ತಿಳಿಯಿತು?' ಸ್ಪೆಲ್ಲಿಂಗ್ ತಪ್ಪುಗಳನ್ನು ಇನ್ನೊಂದು ಸುತ್ತಿನಲ್ಲಿ ತಿದ್ದಬಹುದು.

ಸಮಯ, ಪೋರ್ಶನ್, ಅಂಕ

ಶಿಕ್ಷಕರ ಕಷ್ಟವನ್ನು ಅಲ್ಲಗಳೆಯುವಂತಿಲ್ಲ. ನಲ್ವತ್ತು ನಿಮಿಷದ ಪೀರಿಯಡ್, ತರಗತಿ ತುಂಬಾ ಮಕ್ಕಳು, ಮುಗಿಯದ ಪೋರ್ಶನ್, ಫಲಿತಾಂಶದ ಒತ್ತಡ. ಇವುಗಳ ನಡುವೆ ಎಲ್ಲ ಪಾಠಗಳನ್ನೂ ಈ ರೀತಿ ಮಾಡಲು ಆಗದು. ವರ್ಷಕ್ಕೆ ಎರಡು ಕಥೆಗಳನ್ನಾದರೂ ಹೀಗೆ ಮಾಡಬಹುದು. ಒಂದು ಕಥೆಗೆ ಐದು ಪೀರಿಯಡ್ ಸಾಕು: ಮೊದಲ ದಿನ ಓದು, ಎರಡನೆಯ ದಿನ ಘಟನೆಗಳು ಮತ್ತು ಕಾರಣಗಳು, ಮೂರನೆಯ ದಿನ ಗುಂಪುಗಳಲ್ಲಿ ಚರ್ಚೆ, ನಾಲ್ಕನೆಯ ದಿನ ಮೂರು ವಾಕ್ಯಗಳ ಬರವಣಿಗೆ, ಐದನೆಯ ದಿನ ಬರೆದದ್ದನ್ನು ಓದಿ ಹೇಳಿ ಪರೀಕ್ಷೆಯ ಪ್ರಶ್ನೆಗಳಿಗೆ ಜೋಡಿಸುವುದು. ಸಾಲು ಸಾಲಿಗೆ ಅರ್ಥ ಹೇಳಿ ನೋಟ್ಸ್ ಬರೆಸುವುದಕ್ಕೂ ಇದಕ್ಕಿಂತ ಕಡಿಮೆ ಸಮಯ ಹಿಡಿಯುವುದಿಲ್ಲ.

ಪರೀಕ್ಷೆಯಲ್ಲಿ ನಷ್ಟವಾಗುತ್ತದೆಯೇ ಎಂಬ ಹೆದರಿಕೆ ಹೆತ್ತವರಿಗೆ ಸಹಜ. ಪಾಠದ ಒಂದು ಮಾತನ್ನು ಕೊಟ್ಟು ಯಾರು, ಯಾರಿಗೆ, ಏಕೆ ಹೇಳಿದರು ಎಂದು ಕೇಳುವ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಪರಿಚಿತ. ಕಥೆಯನ್ನು ಆಧಾರ ಸಮೇತ ಚರ್ಚಿಸಿದ ಮಗುವಿಗೆ ಇವು ಕಷ್ಟವಲ್ಲ. ನೋಟ್ಸ್ ಬಾಯಿಪಾಠ ಮಾಡಿದ ಮಗು ಒಂದು ಶಬ್ದ ಮರೆತರೆ ಇಡೀ ಉತ್ತರ ಕಳೆದುಕೊಳ್ಳುತ್ತದೆ. ಓದಿದ ಮಗುವಿಗೆ ಕಥೆ ನೆನಪಿರುತ್ತದೆ. ಶಬ್ದ ತಪ್ಪಿದರೂ ವಿಷಯ ತಪ್ಪುವುದಿಲ್ಲ.

ಆದರೆ ಇಲ್ಲಿ ಶಿಕ್ಷಕರ ಕಡೆಯಿಂದ ಒಂದು ಪ್ರಾಮಾಣಿಕತೆ ಬೇಕು. ಸ್ವಂತ ಮಾತಿನಲ್ಲಿ ಬರೆದ ಉತ್ತರ ನೋಟ್ಸಿನಂತಿಲ್ಲ ಎಂಬ ಒಂದೇ ಕಾರಣಕ್ಕೆ ಅಂಕ ಕಡಿತ ಮಾಡಿದರೆ ಆ ಮಗು ಮುಂದೆ ಸ್ವಂತ ಮಾತು ಬರೆಯಲಾರದು. ನೀನು ಯೋಚಿಸಿದ್ದು ಯಾರಿಗೂ ಬೇಡ ಎಂಬುದೇ ಅದು ಆ ದಿನ ಕಲಿತ ಪಾಠವಾಗುತ್ತದೆ. ಇಂಗ್ಲಿಷಿನ ಹೆದರಿಕೆಯಿಂದ ಮೊದಲೇ ಹಿಂಜರಿಯುವ ಮಕ್ಕಳಿಗೆ ಈ ಪೆಟ್ಟು ದೊಡ್ಡದು.

ಹೆತ್ತವರಿಗೆ ಒಂದು ಮಾತು

ಇಂಗ್ಲಿಷ್ ಬಾರದ ತಂದೆ ತಾಯಿ ಇದರಲ್ಲಿ ಏನು ಮಾಡಬಹುದು ಎಂದು ಕೆಲವರು ಕೇಳಬಹುದು. ಮಾಡಬಹುದಾದ ದೊಡ್ಡ ಕೆಲಸವೇ ಇದೆ. ರಾತ್ರಿ ಊಟದ ನಂತರ 'ನೋಟ್ಸ್ ಬಾಯಿಪಾಠ ಆಯಿತಾ?' ಎಂದು ಕೇಳುವ ಬದಲು 'ಇವತ್ತು ಯಾವ ಕಥೆ ಓದಿದಿರಿ? ನನಗೂ ಹೇಳು' ಎಂದು ಕೇಳಿ. ಮಗು ತನ್ನ ಮನೆಮಾತಿನಲ್ಲೇ ಹೇಳಲಿ. ಹೇಳಿ ಮುಗಿದ ಮೇಲೆ, 'ಹಾಗಾದರೆ ಆ ಹುಡುಗ ನಿಜವಾಗಿ ಹೀರೋನಾ?' ಎಂದು ಒಂದು ಪ್ರಶ್ನೆ ಹಾಕಿ. ಉತ್ತರ ಏನೇ ಬಂದರೂ 'ಅದು ನಿನಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ ಸುಮ್ಮನಿರಿ. ಮಗು ಪುಸ್ತಕ ತರಲು ಎದ್ದು ಹೋದರೆ ಅರ್ಧ ಪಾಠ ಮನೆಯಲ್ಲೇ ಆದಂತೆ.